ಎರಡು ಬೆರಳು ಬಟ್ಟೆ

ಎದುರಿನ ಚಿತ್ರಮಂದಿರದಿಂದ ಬಂದ ಅತ್ತೆ, ಸೊಸೆ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಹೊಲಿಗೆ ಬಿಟ್ಟು ಹಾಗೇ ಎದ್ದು ಬಂದಿರಬೇಕು, ಅತ್ತೆಯ ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

“ಕಂಪ್ಯೂಟರಲ್ಲಿ ಮಾಡಿದ ಹೀರೋಯಿನ್ ಅಂತ ಗೊತ್ತಿಲ್ದೆ ಊರೋರೆಲ್ಲ ಅವಳನ್ನ ಹೆಣ್ಣು ಕೇಳೋಕೆ ಬರ್ತಾರಲ್ಲ, ಅಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕರು. ನೀವು ನಗಲೇ ಇಲ್ಲ ಅತ್ತೆ.”

“ನಾನು ಗೌನು ನೋಡ್ತಾ ಇದ್ದೆ. ಸಿನಿಮಾದೋರು ನನ್ನ ಹತ್ರ ಹೊಲಿಸಿ, ಸುತ್ತ ಫೋಟೋ ತೆಗೆದು ಕಂಪ್ಯೂಟರಲ್ಲಿ ಅವಳ ಮೈಗೆ ಏರಿಸಿದ್ದಲ್ವಾ.”

“ಚೆನ್ನಾಗಿ ಕೂತಿತ್ತು.”

“ಕೂರದೆ ಏನು. ಉಣ್ಣೋಳಾ, ಉಸಿರಾಡೋಳಾ. ಅವಳಿಗೂ ನಾನು ಒಳಹೊಲಿಗೆಲಿ ಎರಡು ಬೆರಳು ಬಟ್ಟೆ ಬಿಟ್ಟಿದ್ದೆ.”

“ಯಾಕೆ, ಅವಳು ದಪ್ಪ ಆಗ್ತಾಳಾ?”

“ಅಭ್ಯಾಸ, ಕೈ ಕೇಳಬೇಕಲ್ಲ. ಅದನ್ನ ನೋಡಿ ಸಿನಿಮಾದೋರೂ ನಕ್ಕರು.”

“ಮುಂದಿನ ಚಿತ್ರಕ್ಕೂ ನೀವೇ ಹೊಲಿಯೋದಾ?”

“ಇಲ್ಲ. ಇನ್ನು ಬಟ್ಟೆನೂ ಕಂಪ್ಯೂಟರಲ್ಲೇ ಮಾಡ್ಕೋತಾರಂತೆ. ಗೌನು ವಾಪಸ್ ಕೊಟ್ಟು ಕಳಿಸಿದ್ರು. ಒಂದು ಸಲನೂ ಯಾರ ಮೈ ಮೇಲೂ ಬಿದ್ದಿಲ್ಲ ಅದು.”

ಸೊಸೆ ಅತ್ತೆಯ ಹತ್ತಿರಕ್ಕೆ ಸರಿದು ಕೂತಳು.

“ನನಗೆ ಕೊಡಿ ಅತ್ತೆ. ಇನ್ನು ಮೇಲೆ ನಿನ್ನ ಬಟ್ಟೆ ಎಲ್ಲ ಬಿಗಿ ಆಗುತ್ತೆ ಅಂತ ಡಾಕ್ಟರು ಬೆಳಿಗ್ಗೆ ಹೇಳಿದ್ರು.”

ಅತ್ತೆ ಅವಳನ್ನೇ ನೋಡಿದರು. ಕೊರಳಿನ ಟೇಪು ಕೈಗೆ ಬಂತು.

“ಹಾಗಾದ್ರೆ ಎರಡು ಬೆರಳು ಎಲ್ಲಿ ಸಾಲುತ್ತೆ,” ಅಂದರು.

ಬಸ್ ಬಂತು. ಅತ್ತೆ ಸೊಸೆಯ ಬೆನ್ನಿಗೆ ತೋಳು ಅಡ್ಡ ಹಿಡಿದು ಬಾಗಿಲಿನ ಗುಂಪಿಗೆ ಹೇಳಿದರು:

“ಸ್ವಲ್ಪ ಜಾಗ ಬಿಡ್ರಪ್ಪ, ನಾವು ಮೂರು ಜನ ಇದೀವಿ.”