ಕಾರ್ಡಿನ ಹಿಂಬದಿ

ಅಧ್ಯಕ್ಷತೆ ವಹಿಸಿರುವ ನಮ್ಮ ಶಾಖೆಯ ಮ್ಯಾನೇಜರ್ ಸಾಹೇಬರೇ, ಕೇಂದ್ರ ಕಚೇರಿಯಿಂದ ಬಂದು ಒಂದು ಗಂಟೆಯಿಂದ ಈ ಗಟ್ಟಿ ಕುರ್ಚಿಯನ್ನು ಸಹಿಸಿಕೊಂಡಿರುವ ಅತಿಥಿಗಳೇ, ಫೋನ್ ವಿಭಾಗದ ಹೆಣ್ಣುಮಕ್ಕಳೇ, ಊರೂರು ತಿರುಗಿ ಇವತ್ತೊಂದು ದಿನ ಒಟ್ಟಿಗೆ ಕೈಗೆ ಸಿಕ್ಕಿರುವ ಮಾರಾಟ ವಿಭಾಗದ ಗೆಳೆಯರೇ, ಸಭಿಕರೇ, ಮತ್ತು ಮೊದಲ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಯಾವ ಗಳಿಗೆಯಲ್ಲಾದರೂ ಎದ್ದು ಹೋಗಲು ತಯಾರಾಗಿ ಕೂತಿರುವ ಕಾರ್ಡಕ್ಕಾ,

ನೌಕರರ ಸಂಘದ ಕಾರ್ಯದರ್ಶಿಯಾದ ನಾನು ಎರಡು ಮಾತು ಆಡಬೇಕೆಂದು ಕರೆದಿದ್ದಾರೆ. ಬೀಳ್ಕೊಡುಗೆಯ ಮಾತು ಆಮೇಲೆ. ಮೊದಲು ಆಡಳಿತದವರು ಕೊಟ್ಟ ಮಾತುಗಳ ಪಟ್ಟಿ ಓದಿಬಿಡುತ್ತೇನೆ.

ಗಿರಾಕಿಗಳ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಒಂದೊಂದು ಕಾರ್ಡಿನ ಒಂದೊಂದು ಸಾಲೂ ಹೋಗುತ್ತದೆ ಎಂದು ಹೇಳಿದ್ದರು. ಹೋದದ್ದು ಮುಂಬದಿ ಮಾತ್ರ. ಆ ಕೆಲಸ ಪೂರ್ತಿ ಮುಗಿಯುವ ತನಕ ಕಾರ್ಡಕ್ಕ ಇರುತ್ತಾರೆ ಎಂದಿದ್ದರು. ಸೇವೆ ಇನ್ನೂ ಎರಡು ವರ್ಷ ಬಾಕಿ ಇರುವಾಗಲೇ, ಹುದ್ದೆಯೇ ಇಲ್ಲವೆಂದು ಇವತ್ತು ಕಳುಹಿಸಿಕೊಡುತ್ತಿದ್ದಾರೆ. ಹಳೆಯ ಕಾರ್ಡುಗಳನ್ನು ಜೋಪಾನವಾಗಿ ಇಡುತ್ತೇವೆ ಎಂದಿದ್ದರು. ಸೋಮವಾರ ಗುಜರಿ ಲಾರಿ ಬರುತ್ತದೆ. ಕೊಟ್ಟದ್ದು ಏನು? ಒಂದು ಗೋಡೆ ಗಡಿಯಾರ. ಎರಡು ವರ್ಷ ಕಿತ್ತುಕೊಂಡು ಗಡಿಯಾರ ಕೊಡುವ ಈ ಲೆಕ್ಕ ನನ್ನ ಮೊದ್ದು ತಲೆಗೆ ಹೊಳೆಯುತ್ತಿಲ್ಲ, ಕ್ಷಮಿಸಿ.

ಅತಿಥಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಮಾರುವುದು ಕಿವಿಗೆ ಹಾಕುವ ಯಂತ್ರ. ಮಾತು ಶುರುಮಾಡುವುದು ಫೋನಿನಲ್ಲಿ. ಕಿವಿ ಕೇಳದವರಿಗೆ ಫೋನ್ ಮಾಡಿ ಹೊಟ್ಟೆ ಹೊರೆಯುವ ಜನ ನಾವು! ನಗುತ್ತಿದ್ದೀರಿ, ನಗಿ. ಆದರೆ ಇಪ್ಪತ್ತೇಳು ವರ್ಷ ಇದು ನಡೆದಿದೆ. ಹೇಗೆ ನಡೆಯಿತು? ಒಳಗಿನ ಕೋಣೆಯಲ್ಲಿ ಅರವತ್ತು ಖಾನೆಗಳ ಕಬ್ಬಿಣದ ಕಪಾಟು ಇದೆ. ಅದರಲ್ಲಿ ಹನ್ನೊಂದು ಸಾವಿರ ಕಾರ್ಡು. ಇವತ್ತಲ್ಲ ನಾಳೆ ನಮ್ಮ ಗಿರಾಕಿಯಾಗಬಹುದಾದ ಒಬ್ಬೊಬ್ಬರಿಗೆ ಒಂದೊಂದು. ಮುಂಬದಿಯಲ್ಲಿ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು, ಯಾವ ಕಿವಿ, ಕೊನೆಗೆ ಮಾತಾಡಿದ ತಾರೀಖು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಕಾರ್ಡಕ್ಕನ ಟಿಪ್ಪಣಿ. ಇರುವೆ ಸಾಲಿನಂಥ ಅಕ್ಷರ. ಅವರೊಬ್ಬರನ್ನು ಬಿಟ್ಟರೆ ಓದಲು ಬರುವವರು ಕಡಿಮೆ.

ಒಂದು ಹೇಳಲೇ? ‘ಸೊಸೆ ಎತ್ತಿದರೆ ಫೋನ್ ಕುಕ್ಕಿಬಿಡುತ್ತಾಳೆ. ಮೊಮ್ಮಗಳು ಎತ್ತಿದರೆ ಅಜ್ಜಿಯನ್ನು ಕರೆಯುತ್ತಾಳೆ. ಮೊಮ್ಮಗಳು ಶಾಲೆಯಿಂದ ಬರುವುದು ನಾಲ್ಕೂವರೆಗೆ.’ ಇನ್ನೊಂದು: ‘ಸಂಗೀತದ ಮೇಷ್ಟ್ರು. ಕಿವುಡು ಎಂಬ ಮಾತು ಎತ್ತಬೇಡಿ. ಸದ್ದು ಸ್ಪಷ್ಟವಾಗುತ್ತದೆ ಎನ್ನಿ.’

ಸ್ವಾಮಿ, ಮಾರಾಟ ಎಂದರೆ ಇದು. ಮಿಕ್ಕದ್ದು ಬರೀ ರಸೀದಿ.

ಶುಕ್ರವಾರ ಊಟವಾದ ಮೇಲೆ ಎರಡು ಗಂಟೆ ಕಾಲ ಕಪಾಟು ಶುಚಿ ಮಾಡುವ ಹೊತ್ತು. ಆಗ ಅಕ್ಕನ ಹತ್ತಿರ ಹೋಗಲು ಹಿಂದಿನ ಮ್ಯಾನೇಜರುಗಳೂ ಹೆದರುತ್ತಿದ್ದರು. ಮನೆ ಬದಲಿಸಿದವರು, ನಂಬರು ಬದಲಿಸಿದವರು, ಎರಡೆರಡು ಕಾರ್ಡಿನಲ್ಲಿ ಕೂತವರು, ಎಲ್ಲರ ವಿಚಾರಣೆ. ಮಾರಾಟದ ಗೆಳೆಯರೇ, ತಲೆ ತಗ್ಗಿಸಬೇಡಿ, ನಾನೂ ನಿಮ್ಮಲ್ಲೊಬ್ಬನಾಗಿದ್ದೆ. ತಿಂಗಳ ಗುರಿ ಮುಟ್ಟಲು ಒಬ್ಬನೇ ಅಜ್ಜನನ್ನು ಮೂರು ಹೆಸರಿನಲ್ಲಿ ತಂದವರು ನಾವು. ಅಕ್ಕ ಕನ್ನಡಕದ ಮೇಲಿಂದ ನೋಡುತ್ತಿದ್ದರು. “ಈ ಅಜ್ಜ ಹೋದ ತಿಂಗಳು ನಿನ್ನ ಸ್ನೇಹಿತನ ಲಿಸ್ಟಲ್ಲಿದ್ದ. ಈ ತಿಂಗಳು ನಿನ್ನ ಲಿಸ್ಟಿಗೆ ಬಂದಿದಾನೆ. ಎಷ್ಟಪ್ಪಾ ಕಿವಿ ಇದೆ ಅವನಿಗೆ?”

ಯಾರಾದರೂ ತೀರಿಕೊಂಡರೆ ಕಾರ್ಡಿನ ಹಿಂಬದಿಯಲ್ಲಿ ಬರೆದು ಅತಿ ಕೆಳಗಿನ ಖಾನೆಗೆ ಹಾಕುತ್ತಿದ್ದರು. “ಹರಿದು ಬಿಸಾಕಿ ಅಕ್ಕ, ಜಾಗ ಉಳಿಯುತ್ತೆ” ಎಂದೆ ಒಮ್ಮೆ. ಉರಿದು ಬಿದ್ದರು. “ಹರಿದ್ರೆ ನಾಳೆ ನಿಮ್ಮಲ್ಲೇ ಯಾವನೋ ಅದೇ ಹೆಸರನ್ನ ಮತ್ತೆ ಹಿಡಕೊಂಡು ಬರ್ತಾನೆ. ನಾನು ಮತ್ತೆ ಆ ಮನೆಗೆ ಫೋನ್ ಮಾಡ್ತೀನಿ. ಗಂಡನ್ನ ಕಳಕೊಂಡ ಹೆಂಗಸಿಗೆ ಏನಂತ ಹೇಳ್ಲಿ, ನಿನ್ನ ತಲೆಯಾ? ಶುಚಿ ಅಂದ್ರೆ ಖಾಲಿ ಮಾಡೋದಲ್ಲ ಕಣಯ್ಯಾ!”

ಈಗ ಸಿಆರ್‌ಎಂ ಬಂದಿದೆ. ಗಿರಾಕಿಗಳ ವಿವರವನ್ನೆಲ್ಲ ಒಂದೇ ಕಡೆ ಇಟ್ಟು, ಇವತ್ತು ಯಾರಿಗೆ ಫೋನ್ ಮಾಡಬೇಕೆಂದು ತಾನೇ ಪಟ್ಟಿ ಕೊಡುವ ತಂತ್ರಾಂಶ. ಸಂಘ ಅದನ್ನು ವಿರೋಧಿಸಲಿಲ್ಲ. ಯಾಕೆ ವಿರೋಧಿಸಬೇಕು? ಈ ಕಚೇರಿಯಲ್ಲಿ ಅದನ್ನು ಮೊದಲು ಕಲಿತವರೇ ಕಾರ್ಡಕ್ಕ. ನಮ್ಮ ಹುಡುಗಿಯರಿಗೆ ಕಲಿಸಿದವರೂ ಅವರೇ. ಆದರೆ ಕಾರ್ಡು ಏರಿಸುವ ಕೆಲಸ ಹೊರಗಿನ ಗುತ್ತಿಗೆಗೆ ಹೋಯಿತು. ಹತ್ತೊಂಬತ್ತು ದಿನದಲ್ಲಿ ಹನ್ನೊಂದು ಸಾವಿರ ಕಾರ್ಡು! ಒಂದೇ ಫೋನ್ ನಂಬರು ಎರಡು ಕಡೆ ಕಂಡರೆ ಇಬ್ಬರೂ ಒಬ್ಬರೇ ಎಂದು ಯಂತ್ರಕ್ಕೆ ಹೇಳಿಕೊಟ್ಟರು. ಬೇರೆ ವ್ಯಾಪಾರಕ್ಕೆ ಅದು ಸರಿ ಇರಬಹುದು. ಕಿವಿ ಕೇಳದವನು ಫೋನ್ ಇಟ್ಟುಕೊಳ್ಳುತ್ತಾನೆಯೇ? ಅವನು ಕೊಡುವುದು ಕಿವಿ ಕೇಳುವವರ ನಂಬರು. ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂವತ್ತೊಂದು ಜನ ಮೂಲೆಯ ಔಷಧಿ ಅಂಗಡಿಯ ನಂಬರು ಕೊಟ್ಟಿದ್ದರು. ಮೂವತ್ತೊಂದೂ ಜನ ಕರಗಿ ಒಬ್ಬರೇ ಆದರು. ಅಂಗಡಿಯವರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು, “ಏನ್ರೀ, ನನಗೆ ಅರವತ್ತೆರಡು ಕಿವಿ ಅಂತೆ?”

ಅದು ನಗುವ ಮಾತು. ಇದು ಅಲ್ಲ. ಕೆಳಗಿನ ಖಾನೆಯ ಕಾರ್ಡುಗಳನ್ನೂ ಮಿಕ್ಕವುಗಳ ಜೊತೆಗೇ ಏರಿಸಿದರು. ತೀರಿಕೊಂಡದ್ದು ಬರೆದಿದ್ದು ಹಿಂಬದಿಯಲ್ಲಿ, ಹಿಂಬದಿಯನ್ನು ಯಾರೂ ತಿರುಗಿಸಲಿಲ್ಲ. ಮೊದಲ ವಾರ ಯಂತ್ರ ಕೊಟ್ಟ ಪಟ್ಟಿ ನೋಡಿ ನಮ್ಮ ಅತಿ ಚಿಕ್ಕ ಹುಡುಗಿ ಒಂದು ಮನೆಗೆ ಫೋನ್ ಮಾಡಿದಳು, ಯಜಮಾನರನ್ನು ಕೇಳಿದಳು. ಆ ತಾಯಿ ಬೈಯಲಿಲ್ಲ. “ಅವರು ಹೋಗಿ ಎಂಟು ತಿಂಗಳಾಯ್ತಮ್ಮ. ನಿಮ್ಮಲ್ಲಿ ಇನ್ನೊಬ್ಬರು ಇದ್ರಲ್ಲ, ಅವರಿಗೆ ಹೇಳಿದ್ದೆ. ಇನ್ನು ಮಾಡಲ್ಲ ಅಂದಿದ್ರು” ಎಂದರು ಅಷ್ಟೇ. ಹುಡುಗಿ ಆ ದಿನ ಮತ್ತೆ ಫೋನ್ ಮುಟ್ಟಲಿಲ್ಲ.

ಇದಕ್ಕೆ ಯಾರು ಹೊಣೆ? ನನ್ನ ಗಂಟಲು ನಿಮಗೆ ಗೊತ್ತು. ಇಷ್ಟು ಹೊತ್ತಿಗೆ ಮ್ಯಾನೇಜರ ಕಡೆ ಕೈ ತೋರಿಸಬೇಕಾಗಿತ್ತು. ಮ್ಯಾನೇಜರು ಆಗಲೇ ಎರಡು ಸಲ ನೀರು ಕುಡಿದರು. ಆದರೆ ಸಭಿಕರೇ, ಕಾರ್ಡು ಏರಿಸುವ ಮೊದಲು ಮ್ಯಾನೇಜರು ಸಂಘದ ಜೊತೆ ನಡೆಸಿದ ಸಭೆಯ ನಡಾವಳಿ ನನ್ನ ಜೇಬಿನಲ್ಲಿದೆ. ಅವತ್ತು ಅವರು ಕೇಳಿದ್ದು ಇಷ್ಟು: “ಹಿಂಬದಿ ಏರಿಸೋಕೆ ಇನ್ನೂ ಒಂದು ತಿಂಗಳು ಬೇಕು, ಮೇಲಿನವರು ಗಡುವು ಮುಂದೂಡ್ತಿಲ್ಲ. ಸಂಘ ಒಪ್ಪಿದ್ರೆ ಬಿಟ್ಬಿಡೋಣವಾ?” ಒಪ್ಪಿಗೆ ಎಂದು ಕೆಳಗೆ ಸಹಿ ಇದೆ. ಆ ಸಹಿ ನನ್ನದು.

ಹಿಂಬದಿಯೇ ಬೇಡವಾದ ಮೇಲೆ ಅದನ್ನು ಓದಬಲ್ಲವರು ಯಾಕೆ ಬೇಕು? ಅಕ್ಕನ ಹುದ್ದೆ ಹೋದದ್ದು ಆ ಸಹಿಯಿಂದ. ಪ್ರತಿ ಮೇ ತಿಂಗಳಲ್ಲಿ ಬಾವುಟ ಹಿಡಿದು ನಿಮ್ಮ ಮುಂದೆ ನಡೆಯುವ ಕೈಯೇ ಅದನ್ನು ಹಾಕಿದ್ದು.

ಯಾಕೆ ಹಾಕಿದೆ? ಸಣ್ಣ ವಿಷಯ ಅಂದುಕೊಂಡೆ ಎಂದು ಸಂಘದಲ್ಲಿ ಹೇಳಿದ್ದೆ. ಅದು ಸುಳ್ಳು.

ನನ್ನ ಅಪ್ಪ ತಗಡಿನ ಡ್ರಮ್ಮು ಮಾಡುವ ಕಾರ್ಖಾನೆಯಲ್ಲಿದ್ದವನು. ಇಪ್ಪತ್ತು ವರ್ಷ ಸುತ್ತಿಗೆ ಹೊಡೆದ. ಕಾರ್ಖಾನೆ ಅವನ ಎರಡೂ ಕಿವಿ ತಿಂದಿತು, ಒಂದು ಕ್ಷಮೆಯ ಮಾತೂ ಹೇಳಲಿಲ್ಲ. ನನ್ನ ದೊಡ್ಡ ಗಂಟಲು ಚಳವಳಿಯಲ್ಲಿ ಬೆಳೆದದ್ದು ಎಂದು ನೀವು ತಿಳಿದಿದ್ದೀರಿ. ಇಲ್ಲ, ಮನೆಯಲ್ಲಿ ಬೆಳೆದದ್ದು. ಉಪ್ಪು ಬೇಕಾದರೂ ಕೂಗಬೇಕಿತ್ತು. ಗೆಳೆಯರನ್ನು ನಾನು ಮನೆಗೆ ಕರೆಯುತ್ತಿರಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ನಮ್ಮ ಈ ಕಂಪನಿಯ ಕಿವಿ ಪರೀಕ್ಷೆಯ ಶಿಬಿರ ನಡೆದಾಗ ಅಪ್ಪ ಹೆಸರು ಬರೆಸಿದ್ದ. ಒಂದು ದಿನ ಇಲ್ಲಿಂದ ಫೋನ್ ಬಂತು. ಎತ್ತಿದವನು ನಾನು, ಕಾಲೇಜು ಹುಡುಗ. “ನಮ್ಮಪ್ಪನಿಗೆ ಕಿವಿ ಸರಿಯಾಗೇ ಇದೆ, ಯಾರೋ ತಪ್ಪು ನಂಬರ್ ಕೊಟ್ಟಿದಾರೆ” ಎಂದು ಇಟ್ಟುಬಿಟ್ಟೆ.

ಮೂರು ವರ್ಷ ಕಳೆದು ಇಲ್ಲೇ ಕೆಲಸಕ್ಕೆ ಸೇರಿದೆ. ಸೇರಿದ ವಾರವೇ ಕಪಾಟಿನಲ್ಲಿ ಅಪ್ಪನ ಕಾರ್ಡು ಹುಡುಕಿ ತೆಗೆದೆ. ಓದುತ್ತ ನಿಂತಾಗ ಬೆನ್ನ ಹಿಂದೆ ಅಕ್ಕ. “ಓದಿ ಆಯ್ತಾ? ಎಲ್ಲಿತ್ತೋ ಅಲ್ಲೇ ಇಡು. ನನ್ನ ಖಾನೆ ಏರುಪೇರು ಮಾಡ್ಬೇಡ.” ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಆ ಕಾರ್ಡಿನ ಬಗ್ಗೆ ಇನ್ನೊಂದು ಮಾತು ಅವರ ಬಾಯಿಂದ ಬಂದಿಲ್ಲ.

ಸಿಆರ್‌ಎಂನಲ್ಲಿ ಒಬ್ಬರ ಹೆಸರು ಒತ್ತಿದರೆ ಎಲ್ಲ ಹದಿನಾಲ್ಕು ಪರದೆಯ ಮೇಲೂ ಎಲ್ಲ ಟಿಪ್ಪಣಿ ಕಾಣುತ್ತದೆ. ಹಿಂಬದಿ ಏರಿಸಿದರೆ ಅಪ್ಪನ ಕಾರ್ಡಿನ ಟಿಪ್ಪಣಿಯೂ ಏರುತ್ತದೆ. ಅದಕ್ಕೇ ಸಹಿ ಹಾಕಿದೆ. ಈಗ ನಾನೇ ಓದುತ್ತೇನೆ. ಬೆಳಿಗ್ಗೆ ಅಕ್ಕನ ಕಣ್ಣೆದುರೇ ತೆಗೆದುಕೊಂಡು ಬಂದಿದ್ದೇನೆ.

‘ಮಗ ಎತ್ತಿದ. ತಂದೆಗೆ ಕಿವಿ ಸರಿಯಾಗಿದೆ ಎಂದ. ಸುಳ್ಳು. ಹಿಂದಿನಿಂದ ರೇಡಿಯೋ ಬೀದಿಗೆಲ್ಲ ಕೇಳುವ ಹಾಗಿತ್ತು. ಹುಡುಗನಿಗೆ ಅಪ್ಪನ ಬಗ್ಗೆ ನಾಚಿಕೆ. ಕೆಟ್ಟವನಲ್ಲ. ಅವನ ಜೊತೆ ವಾದ ಬೇಡ. ಹನ್ನೊಂದರ ಮೇಲೆ ಮಾಡಿದರೆ ತಾಯಿ ಸಿಗಬಹುದು.’

ಹನ್ನೊಂದರ ಮೇಲೆ ಮಾಡಿದರು. ಅಮ್ಮ ಸಿಕ್ಕಳು. ಹದಿನೈದು ದಿನದ ಮೇಲೆ ಕಾಲೇಜಿನಿಂದ ಬಂದವನು ಎಂದಿನಂತೆ ಬಾಗಿಲಲ್ಲೇ “ಅಪ್ಪಾ, ಊಟ ಆಯ್ತಾ?” ಎಂದು ಕೂಗಿದೆ. ಅಪ್ಪ ಬೆಚ್ಚಿಬಿದ್ದ. “ಯಾಕೋ ಹಾಗೆ ಕಿರುಚ್ತೀಯ? ನಾನೇನ್ ಕಿವುಡನಾ?” ಆ ಯಂತ್ರ ಹಾಕಿಕೊಂಡು ಹನ್ನೊಂದು ವರ್ಷ ಬದುಕಿದ. ನನ್ನ ಭಾಷಣಕ್ಕೂ ಬರುತ್ತಿದ್ದ. ಉದ್ದವಾದರೆ ಯಂತ್ರ ಆರಿಸುತ್ತಿದ್ದ. ಆ ಅನುಕೂಲ ನಿಮಗಿಲ್ಲ, ಪಾಪ.

ಆದ್ದರಿಂದ ಸಂಘದ ಕಾರ್ಯದರ್ಶಿಯಾಗಿ, ಆ ಒಪ್ಪಿಗೆಯ ಸಹಿಯನ್ನು ಈ ವೇದಿಕೆಯಿಂದಲೇ ವಾಪಸು ಪಡೆಯುತ್ತಿದ್ದೇನೆ. ನಮ್ಮ ಬೇಡಿಕೆ ಒಂದೇ: ಹಿಂಬದಿ ಪೂರ್ತಿ ನೋಡಿ ಮುಗಿಯುವ ತನಕ ಒಂದು ಕಾರ್ಡೂ ಹೊರಗೆ ಹೋಗಕೂಡದು. ಮೂವರು ಹುಡುಗಿಯರು ಟೈಪ್ ಮಾಡುತ್ತಾರೆ, ಅಕ್ಕ ಓದಿ ಹೇಳುತ್ತಾರೆ. ಯಾವುದು ಪರದೆಗೆ ಹೋಗಬೇಕು, ಯಾವುದು ಯಾರಿಗೂ ಕಾಣಬಾರದು ಎಂಬುದನ್ನೂ ಅವರೇ ಹೇಳಲಿ. ಆ ತೀರ್ಪನ್ನು ಅವರಿಗಿಂತ ಚೆನ್ನಾಗಿ ಕೊಡುವವರು ಯಾರಿದ್ದಾರೆ? ಆಮೇಲೆ ಶುಕ್ರವಾರದ ಎರಡು ಗಂಟೆ ಸಿಆರ್‌ಎಂಗೂ ಇರಲಿ, ಅಕ್ಕನ ಎರಡು ವರ್ಷ ಅಕ್ಕನಿಗೇ ಇರಲಿ. ಮ್ಯಾನೇಜರ್ ಸಾಹೇಬರೇ, ನೀವು ಕೆಟ್ಟವರಲ್ಲ. ಗಡುವು ಕೊಟ್ಟವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ, ಈಗಲೇ ಕೇಳಿಬಿಡಿ.

ಅಕ್ಕಾ, ನಿಮ್ಮನ್ನು ಹೊಗಳಿದರೆ ಎದ್ದು ಹೋಗುತ್ತೇನೆಂದು ನಿನ್ನೆ ಹೆದರಿಸಿದ್ದಿರಿ. ಹೊಗಳಲಿಲ್ಲ. ಬೀಳ್ಕೊಡುವುದೂ ಇಲ್ಲ. ತಪ್ಪು ನನ್ನದು ಎಂದು ಮಾತ್ರ ಹೇಳುತ್ತೇನೆ, ಇಷ್ಟು ಜನರ ಮುಂದೆ.

ಕೂತು ಕೇಳಿದ ನಿಮಗೆಲ್ಲ ಸಂಘದ ಪರವಾಗಿ, ನನ್ನ ಅಪ್ಪನ ಪರವಾಗಿಯೂ, ಕೃತಜ್ಞತೆಗಳು. ಇವತ್ತಿನ ಸಭೆ ಮುಗಿಯುತ್ತಿಲ್ಲ, ಜಾಗ ಬದಲಿಸುತ್ತಿದೆ. ಮುಂದಿನದು ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಕಾರ್ಡು ಕೋಣೆಯ ಬಾಗಿಲಲ್ಲಿ. ಲಾರಿ ಬರುವುದು ಒಂಬತ್ತಕ್ಕೆ. ನಮಸ್ಕಾರ.