ಕೆಂಪು ದೀಪ ಹತ್ತಿದ ಮೇಲೆ

...ಇಲ್ಲ ಕಣಕ್ಕ, ನೀನು ಸುಳ್ಳಿ ಅಂತ ಈ ಕಾಗದದಲ್ಲಿ ಎಲ್ಲೂ ಬರ್ದಿಲ್ಲ. "ಸ್ವಿಚ್ ಒತ್ತಿದ್ದು ನೆನಪಿಲ್ಲ" ಅಂತ, ಅಷ್ಟೆ. ಮೂರು ಬೆರಳು ಹೋದ ಗಾಬರೀಲಿ ಯಾರ್‌ಗೆ ಏನು ನೆನಪಿರ್ತದೆ, ನೀನೇ ಹೇಳು. ಎಡಗೈ ಹೆಬ್ಬೆಟ್ಟಾದ್ರೂ ನಡೀತದಂತೆ. ಇಂಕಿನ ಪ್ಯಾಡು ನಾನೇ ತಂದಿವ್ನಿ.

ಯಾಕೆ ನಗ್ತೀಯ? ...ನಗು ಬುಡು. ಚಾಮರಾಜನಗರದಿಂದ ಭೀಮನಬೀಡ್‌ಗಂಟ ಬಸ್ಸಲ್ಲಿ ನಿಂತ್ಕಂಡೇ ಬಂದಿವ್ನಿ. ತಮ್ಮ ಬಂದವ್ನೆ ಅಂತ ಒಂದು ಲೋಟ ನೀರೂ ಕೊಡ್ಲಿಲ್ಲ ನೀನು. ಸರಿ ಬುಡು, ಯಾವ ಕೈಲಿ ಕೊಟ್ಟೀಯ.

ಮಾಲೀಕರು ಏನಂತಾರೆ ಅಂದ್ರೆ, ಮಂಗಮ್ಮ ನಿಲ್ಸೋ ಸ್ವಿಚ್ ಒತ್ತದಂಗೇ ಅರಿಶಿನ ಹೆಚ್ಚೋ ಮಿಷಿನ್ ಬಾಯಿಗೆ ಕೈ ಹಾಕವ್ಳೆ, ಅಂತ. ಗುಂಡ್ಲುಪೇಟೆ ಶೆಡ್ಡಲ್ಲಿ ಯಾರು ಕೇಳಿದ್ರೂ ನಿಂದು ಒಂದೇ ಮಾತು. ಒತ್ತಿವ್ನಿ, ಒತ್ತಿವ್ನಿ. ಆ ಮಿಷಿನ್ನಿನ ಚಿಪ್ಪಿಗೆ ಬುದ್ಧಿ ಬರ್ದೋನು ನಾನು ಕಣಕ್ಕ. ನೀನು ಒತ್ತಿದ್ದು ನಿಜ ಆದ್ರೆ ನಾನು ಬರ್ದಿದ್ದು ತಪ್ಪು. ಆಮೇಲೆ ಈ ಶಿವಮಲ್ಲು ಕೈಗೆ ಇನ್ನೊಂದು ಮಿಷಿನ್ ಯಾರು ಕೊಟ್ಟಾರು?

ಚಿಪ್ಪು ಅಂದ್ರೇನು ಅಂತ ಹೇಳ್ತೀನಿ, ಕೇಳು. ಅದಕ್ಕೊಂದು ಬಡಿತ ಅದೆ, ಎದೆ ಬಡಿತ ಇದ್ದಂಗೆ. ಸೆಕೆಂಡಿಗೆ ಕೋಟಿಗಟ್ಲೆ. ಬಡಿದಾಗ ಮಾತ್ರ ಕಣ್ಣು ಬಿಟ್ಟು ಸ್ವಿಚ್ ಕಡೆ ನೋಡ್ತದೆ. ನಿನ್ನ ಬೆರಳಿಗೆ ಆ ಬಡಿತ ಗೊತ್ತಾ? ಕಣ್ಣು ಬಿಡೋ ಗಳಿಗೇಲೇ ಒತ್ಬುಟ್ರೆ ಅದಕ್ಕೆ ಒತ್ತಿದ್ದೂ ಅಲ್ಲ, ಒತ್ತದೆ ಇದ್ದಿದ್ದೂ ಅಲ್ಲ. ಬಸ್ ಹತ್ತೋಳು ಒಂದು ಕಾಲು ಮೆಟ್ಲಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟಾಗಲೇ ಸೀಟಿ ಊದ್ದಂಗೆ. ಕಂಡಕ್ಟರ್ ಹತ್ತವ್ಳೆ ಅಂತಾನೆ, ಡ್ರೈವರ್ ಇಲ್ಲ ಅಂತಾನೆ. ಅದಕ್ಕೇ ನಾವು ಬಾಗಿಲಲ್ಲಿ ಒಬ್ಬನ ಹಿಂದೆ ಇನ್ನೊಬ್ಬ ಕಾವಲುಗಾರನ್ನ ನಿಲ್ಲುಸ್ತೀವಿ. ಮೊದಲನೋನು ತಬ್ಬಿಬ್ಬಾದ್ರೂ ಎರಡನೆಯೋನು ಒಂದು ಬಡಿತ ಕಾಯ್ತಾನೆ. ಅವನು ಸುಧಾರಿಸ್ಕಂಡ ಮೇಲೆ ಕೇಳಿ, ಒಳಗಿನೋರ್‌ಗೆಲ್ಲ ಒಂದೇ ಮಾತು ಹೇಳ್ತಾನೆ.

ಹೂಂ? ...ನಿಲ್ಸಿದ್ಯಾ ಅಂತ ಕಣ್ಣಲ್ಲೇ ಕೇಳ್ಬೇಡ. ನಿಲ್ಸಿವ್ನಿ. ನಿಲ್ಸಿವ್ನಿ ಅಂತಾನೇ ಬರ್ಕೊಟ್ಟಿವ್ನಿ.

ನೋಡು, ತಪ್ಪೆಲ್ಲ ನಿಂದೇ ಅಂತ ನಾನೆಲ್ಲಿ ಅಂದೆ. ನಾಲ್ಕು ಮಿಷಿನ್ ಸದ್ದು, ಬ್ಲೇಡು ಒಳಗೆ ಕಾಣಲ್ಲ. ಸ್ವಿಚ್ ಒತ್ತಿ ಕೆಂಪು ದೀಪ ಬಂದ ಮೇಲೇ ಕೈ ಹಾಕಿ ಅಂತ ನಿಮಗೆಲ್ಲ ಕಲಿಸ್ದೋನೂ ನಾನೇ. ಆಯುಧಪೂಜೆ ದಿನ ಆ ದೀಪಕ್ಕೆ ನೀನು ಕುಂಕುಮ ಇಟ್ಟು ಕೈ ಮುಗಿದೆ. ಪಾಪ, ಕೆಂಪು ಹತ್ತಿತ್ತು, ಬ್ಲೇಡು ನಿಂತದೆ ಅಂದ್ಕಂಡೆ. ಯಾರಿದ್ರೂ ಅಂಗೇ...

ಯಾಕಕ್ಕ ಅಂಗೆ ನೋಡ್ತೀಯ?

ನೀನೇ ಹೇಳಿದ್ಯಲ್ಲ, ಕೆಂಪು ಹತ್ತಿತ್ತು ಅಂತ. ...ಹೇಳ್ಲಿಲ್ವಾ? ಆಸ್ಪತ್ರೇಲಿ? ...ಮಾಲೀಕರ ಮುಂದೆ? ...ಭಾವನ್‌ಗಾದ್ರೂ?

ಯಾರ್‌ಗೂ ಹೇಳ್ಲಿಲ್ವಾ.

ಮತ್ತೆ ನಂಗೆ... ನಂಗೆ ಎಂಗೆ ಗೊತ್ತು ಅಂತೀಯಾ. ಬಯ್ಯಿ. ...ಫೆಬ್ರವರೀಲಿ ನನ್ನ ಮೇಜಿನ ಮೇಲೇ ಕಂಡಿತ್ತು. ಸಾವಿರಾರು ಸಲ ಒತ್ತಿದ್ರೆ ಒಂದ್ಸಲ. ಕೆಂಪು ಹತ್ಕಂಡಿರ್ತದೆ, ಮೋಟ್ರು ಮಾತ್ರ ತಿರುಗ್ತಾನೇ ಇರ್ತದೆ. ಮಾರನೇ ದಿನ ಮಿಷಿನ್ ಕಳಿಸ್ಬೇಕಿತ್ತು, ವೈರು ಸಡಿಲ ಅಂದ್ಬುಟ್ಟೆ. ದೀಪಕ್ಕೊಂದು ಬಾಗಿಲು, ಮೋಟ್ರಿಗೊಂದು ಬಾಗಿಲು. ಯಾವುದ್ರಲ್ಲೂ ಎರಡನೇ ಕಾವಲುಗಾರ ಇರ್ಲಿಲ್ಲ ಕಣಕ್ಕ.

ದೀಪದ ಮಾತೆತ್ತಿದ್ರೆ ತಮ್ಮನ ತಲೆಗೆ ಬರ್ತದೆ ಅಂತ ನಿಂಗೆ ಗೊತ್ತಿತ್ತು. ಅಲ್ವಾ? ಅದಕ್ಕೇ ಒತ್ತಿವ್ನಿ ಅಂದಿದ್ದಷ್ಟೇ, ಮಿಕ್ಕಿದ್ದು ನುಂಗ್ಕಂಡೆ. ಊರೆಲ್ಲ ಸುಳ್ಳಿ ಅಂದ್ರೂ...

ಅಕ್ಕ. ಕಾಗದ ಯಾಕೆ ಎಳ್ಕತಿದ್ದೀಯ? ಪ್ಯಾಡು ಅಲ್ಲೇ ಇರ್ಲಿ. ನೀನು ಒತ್ತಿದ್ದೆ, ಅದು ನಿಜ, ನಾನೇ ಹೋಗಿ ಹೇಳ್ತೀನಿ... ಬ್ಯಾಡ ಕಣಕ್ಕ. ಕೈ ತೆಗಿ.

ಒತ್ಬೇಡ.