ಬೇಡ ಅನ್ನೋ ಅಧಿಕಾರ ಇಲ್ಲದ ಶಾಲೆ

ದಾಸೋಹದ ಮಾತು ನಡೀತಾ ಇತ್ತು. ಹಸಿದವನ ಮುಂದೆ ಎಲೆ ಹಾಕೋವಾಗ ನೀನ್ಯಾರು, ಎಲ್ಲಿಯವನು ಅಂತ ಕೇಳಬಾರದು ಅಂದೆ. ಎಲ್ಲರೂ ತಲೆ ಆಡಿಸಿದಿರಿ. ತಲೆ ಆಡಿಸೋದು ಸುಲಭ ನೋಡಿ, ಅದಕ್ಕೇನೂ ಖರ್ಚಿಲ್ಲ. ಅದಕ್ಕೇ ಒಂದು ಕಥೆ ಹೇಳ್ತೀನಿ. ಕಥೆ ಮುಗಿದ ಮೇಲೂ ತಲೆ ಹಾಗೇ ಆಡುತ್ತೋ ಇಲ್ಲವೋ ನೋಡೋಣ.

ಊರು ಯಾವುದಾದರೂ ಇರಲಿ, ಆ ಊರಿಗೊಬ್ಬ ಸಾಹುಕಾರ ಇದ್ದ. ಮಂಡಕ್ಕಿ ಭಟ್ಟಿ ಇಟ್ಟು ಮೇಲೆ ಬಂದವನು. ಅಪ್ಪ ತಲೆ ಮೇಲೆ ಚೀಲ ಹೊತ್ತು ಸಂತೆಸಂತೆಗೆ ಮಂಡಕ್ಕಿ ಮಾರಿದ್ದ. ಮಗನ ಕಾಲಕ್ಕೆ ಸಾಲಾಗಿ ಭಟ್ಟಿಗಳು, ರಸ್ತೆ ಬದಿಗೆ ಮಳಿಗೆಗಳು, ಓಡಾಡೋಕೆ ಲಾರಿ. ಮನುಷ್ಯ ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಮೊದಲೇ ಹೇಳಿಬಿಡ್ತೀನಿ. ಕೆಟ್ಟವನು ಯಾರು ಅಂತ ಹುಡುಕ್ತಾ ಕೂತರೆ ನಿಮಗೆ ನಿಮ್ಮ ನೆನಪೇ ಬರಲ್ಲ. ಹುಣ್ಣಿಮೆ ಹುಣ್ಣಿಮೆಗೆ ಆ ಊರಿನ ಮಠದಲ್ಲಿ ದಾಸೋಹ. ಸಾಹುಕಾರ ಸೊಂಟಕ್ಕೆ ಟವೆಲು ಸುತ್ತಿ ತಾನೇ ಸಾರಿನ ಬಕೆಟ್ಟು ಹಿಡೀತಿದ್ದ. ಯಾರಾದರೂ ಬಾಗಿಲಲ್ಲಿ ಹಿಂಜರಿದು ನಿಂತರೆ ಕೈ ಹಿಡಿದು ತಂದು ಪಂಕ್ತಿಯಲ್ಲಿ ಕೂರಿಸ್ತಿದ್ದ.

ಅವನು ನಾಲ್ಕಕ್ಷರ ಕಲಿತದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಹೆಂಚಿನ ಮೂರು ಕೋಣೆ, ಮುಂದೊಂದು ಬೇವಿನ ಮರ. ಆ ಶಾಲೆಯ ಅಭಿವೃದ್ಧಿ ಸಮಿತಿಗೆ ಅವನೇ ಅಧ್ಯಕ್ಷ. ಆಗಸ್ಟ್ ಹದಿನೈದಕ್ಕೆ ಹೋಗಿ ಬಾವುಟ ಏರಿಸಿ, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ ಬಂದರೆ ಅವತ್ತಿಗೆ ಅಭಿವೃದ್ಧಿ ಮುಗೀತು.

ಹೀಗಿರುವಾಗ ಅವನಿಗೆ ಒಂದು ಯೋಚನೆ ಬಂತು. ನಮ್ಮ ಮಕ್ಕಳಿಗೆ ನಮ್ಮ ಧರ್ಮ ಕಲಿಸೋ ಒಂದು ಶಾಲೆ ಬೇಡವಾ? ತಪ್ಪೇನಿಲ್ಲ ನೋಡಿ. ಸರ್ಕಾರದ ಶಾಲೆ ಕಾಲಿಡದ ಕಾಲದಲ್ಲಿ ಮಠದವರು, ಮಸೀದಿಯವರು, ಚರ್ಚಿನವರು ಬೋರ್ಡು ನೇತುಹಾಕಿ ಬಡವರಿಗೆ ಅಕ್ಷರ ಕಲಿಸಿದ್ದಾರೆ. ಆ ಋಣ ದೊಡ್ಡದು. ಸಾಹುಕಾರ ಒಂದು ಟ್ರಸ್ಟು ಮಾಡಿದ, ಶಾಲೆ ಕಟ್ಟಿಸಿದ. ಬಾಗಿಲ ಮೇಲೆ ಗುರುಗಳ ಹೆಸರು. ಬೆಳಿಗ್ಗೆ ಪ್ರಾರ್ಥನೆ. ಅದನ್ನ ತಾನೇ ಕೂತು ಬರೆಸಿದ: ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳೋ ತಾಯಿ, ನಿನ್ನ ಮನೆಗೆ ಬಾಗಿಲಿಲ್ಲ ಅಂತ ಅದರ ಭಾವ.

ಶಾಲೆ ಕಟ್ಟಿದ ಮೇಲೆ ಲೆಕ್ಕ ಬರೆಯೋನು ಬಂದು ಕಿವಿಯಲ್ಲಿ ಹೇಳಿದ, "ಸಾಹುಕಾರ್ರೇ, ಮಳಿಗೆಗಳನ್ನೂ ಟ್ರಸ್ಟಿನ ಹೆಸರಿಗೆ ಬರೆಸಿಬಿಡಿ. ಧರ್ಮಸಂಸ್ಥೆ ಅಂದರೆ ಪಂಚಾಯ್ತಿ ಕಂದಾಯ ಕೇಳೋ ಹಾಗಿಲ್ಲ."

ಬರೆಸಿದ. ಊರಿನಲ್ಲಿ ದೊಡ್ಡ ಕಂದಾಯ ಅಂದರೆ ಅವನದೇ. ಸರ್ಕಾರಿ ಶಾಲೆಯ ಒಡೆದ ಹೆಂಚು ಬದಲಾಯಿಸ್ತಿದ್ದದ್ದೂ ಅದೇ ದುಡ್ಡಿನಲ್ಲಿ. ಆ ಮಳೆಗಾಲ ಮಕ್ಕಳು ಸೋರದ ಮೂಲೆ ಹುಡುಕಿ ಕೂತರು. ಇತ್ತ ಅವನು ತನ್ನ ಶಾಲೆಯ ಮೇಷ್ಟ್ರುಗಳ ಸಂಬಳಕ್ಕೆ ಸರ್ಕಾರದ ಅನುದಾನ ಕೇಳಿ ಅರ್ಜಿ ಹಾಕಿದ. ಕಂದಾಯ ಅಂದಾಗ ನಾವು ಧರ್ಮದವರು, ಅನುದಾನ ಅಂದಾಗ ನಾವು ಸಾರ್ವಜನಿಕರು. ಎರಡು ಟೋಪಿ, ತಲೆ ಒಂದೇ. ಅವನಿಗೆ ಇದು ವಿಚಿತ್ರ ಅಂತ ಅನಿಸಲೇ ಇಲ್ಲ. ಪುಣ್ಯದ ಕೆಲಸ ಮಾಡ್ತಿದ್ದೀನಿ ಅನ್ನೋ ಭಾವನೆ ಇದೆಯಲ್ಲ, ಅದರಲ್ಲಿ ಮುಳುಗಿದವನಿಗೆ ಬೇರೇನೂ ಕಾಣಲ್ಲ.

ಆದರೆ ಒಂದು ತೊಡಕಿತ್ತು. ಅನುದಾನ ಬೇಕಾದರೆ ಶಾಲೆ ತುಂಬ ಮಕ್ಕಳಿರಬೇಕು. ಇವನ ಶಾಲೆಯಲ್ಲಿ ಬೆಂಚುಗಳೇ ಜಾಸ್ತಿ. ಯಾಕೆ? ಸೇರಿಸಿಕೊಳ್ಳೋ ಮುಂಚೆ ಪರೀಕ್ಷೆ ಇಟ್ಟಿದ್ದ. ಮಗು ಪ್ರಾರ್ಥನೆ ಹೇಳಬೇಕು, ಕೊಟ್ಟ ಪಾಠ ತಡವರಿಸದೆ ಓದಬೇಕು. ನಡುವೆ ಹಿಂದೆ ಬಿದ್ದರೆ ಟೀಸಿ ಕೊಟ್ಟು ಕಳಿಸಬೇಕು. ಯಾರ ಶಿಫಾರಸೂ ನಡೆಯಬಾರದು. "ಜರಡಿ ಹಿಡೀದ ಮಂಡಕ್ಕಿ ಪೇಟೆಗೆ ಹೋಗಲ್ಲ" ಅಂತಿದ್ದ. ಭಟ್ಟಿಯಲ್ಲಿ ಕಲಿತ ಬುದ್ಧಿ ಅದು. ಅಲ್ಲಿ ಅರಳದೆ ಉಳಿದ ಕಾಳು ಜರಡಿಯಿಂದ ಕೆಳಗೆ ಬೀಳುತ್ತೆ, ಅದನ್ನ ಕೋಳಿಗೆ ಹಾಕ್ತಾರೆ. ಮಕ್ಕಳ ವಿಷಯದಲ್ಲಿ ಕೆಳಗೆ ಬಿದ್ದದ್ದು ಎಲ್ಲಿಗೆ ಹೋಗುತ್ತೆ ಅಂತ ಅವನು ಯೋಚಿಸಿರಲಿಲ್ಲ. ಯೋಚಿಸೋ ಅಗತ್ಯವೂ ಇರಲಿಲ್ಲ, ಬೇವಿನ ಮರದ ಶಾಲೆ ಇತ್ತಲ್ಲ!

ಇಲಾಖೆಯ ಸಾಹೇಬರು ನಾಳೆ ತಪಾಸಣೆಗೆ ಬರ್ತಾರೆ ಅನ್ನೋವಾಗ ಸಾಹುಕಾರ ಸರ್ಕಾರಿ ಶಾಲೆಗೆ ಹೋದ. ಅಲ್ಲಿದ್ದದ್ದು ಒಬ್ಬರೇ ಟೀಚರಮ್ಮ.

"ಟೀಚರಮ್ಮ, ನಾಳೆ ಬೆಳಿಗ್ಗೆ ನಿಮ್ಮ ಮಕ್ಕಳನ್ನ ನಮ್ಮ ಶಾಲೆಗೆ ಕಳಿಸಿಕೊಡಿ. ಯೂನಿಫಾರಂ ನಾನೇ ಕೊಡ್ತೀನಿ."

"ಮಕ್ಕಳನ್ನ ಎರವಲು ಕೊಡೋದಾ?"

"ನಮ್ಮೂರಲ್ಲಿ ಮದುವೆಗೆ ಪಾತ್ರೆ ಎರವಲು ಕೊಡಲ್ವೇನ್ರೀ? ಹಂಗೇ ಇದೂ. ಊಟದ ಹೊತ್ತಿಗೆ ವಾಪಸ್."

"ಪಾತ್ರೆಗೆ ಹೆಸರು ಹಾಕಿಸಿರ್ತೀವಿ ಸಾಹುಕಾರ್ರೇ, ಯಾರದ್ದು ಅಂತ ತಿಳಿಯುತ್ತೆ" ಅಂದರು ಆಕೆ. ಅಂದರೂ ಕಳಿಸಿದರು. ಅಧ್ಯಕ್ಷರೇ ಬಂದು ಕೇಳಿದ ಮೇಲೆ ಏನು ಮಾಡ್ತಾರೆ?

ಮಾರನೇ ದಿನ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಹೊಸ ಬೆಂಚಿನಲ್ಲಿ ಕೂತರು. ಹಿಂದಿನ ಸಂಜೆಯೇ ಕಲಿಸಿದ್ದ ಪ್ರಾರ್ಥನೆಯನ್ನ ಎದೆ ತುಂಬಿ ಹಾಡಿದರು. ಜರಡಿಯಲ್ಲಿ ನಿಲ್ಲದೆ ವಾಪಸ್ಸಾದ ಮಕ್ಕಳೂ ಅವರಲ್ಲಿದ್ದರು, ಅವತ್ತು ಅವರಿಗೆ ಪರೀಕ್ಷೆ ಇಲ್ಲ. ಸಾಹೇಬರಿಗೆ ಸಂತೋಷವಾಯಿತು. ಉಪ್ಪಿಟ್ಟು, ಕೇಸರಿಬಾತು ಆಯಿತು. ಜೀಪು ಹತ್ತೋವಾಗ ಅವರು ಅಂದರು, "ಹೇಗೂ ಬಂದಿದ್ದೀನಿ, ಸರ್ಕಾರಿ ಶಾಲೆನೂ ನೋಡಿಬಿಡೋಣ. ಬನ್ನಿ, ನೀವೇ ಅಧ್ಯಕ್ಷರಲ್ವಾ?"

ಬೇಡ ಅನ್ನೋ ಹಾಗಿಲ್ಲ, ಸಾಹುಕಾರನೂ ಜೀಪು ಹತ್ತಿದ.

ಅಲ್ಲಿ ಟೀಚರಮ್ಮ ಇದ್ದರು, ಯೂನಿಫಾರಂ ಅಳತೆಗೆ ಸಿಗದ ಇಬ್ಬರು ಚಿಕ್ಕ ಮಕ್ಕಳಿದ್ದರು. ಸಾಹೇಬರು ಕೇಳಿದರು, "ಉಳಿದ ಮಕ್ಕಳೆಲ್ಲಿ?" ಟೀಚರಮ್ಮ ಸಾಹುಕಾರನ ಮುಖ ನೋಡಿದರು. ಸಾಹುಕಾರ ಬೇವಿನ ಮರ ನೋಡಿದ.

ಇಲ್ಲಿ ಸ್ವಲ್ಪ ನಿಲ್ಲಿ. ಆ ಒಂದು ನಿಮಿಷ ಇದೆಯಲ್ಲ, ಇಡೀ ಊರು ಅವನ ಬಾಯಲ್ಲಿತ್ತು. ಮಕ್ಕಳು ನನ್ನ ಶಾಲೆಯಲ್ಲಿ ಕೂತಿದ್ದಾರೆ ಸ್ವಾಮಿ ಅಂದಿದ್ದರೆ ಅನುದಾನ ಹೋಗ್ತಿತ್ತು, ಮರ್ಯಾದೆ ಹೋಗ್ತಿತ್ತು, ಸರ್ಕಾರಿ ಶಾಲೆ ಉಳೀತಿತ್ತು. ಅವನು ಏನಂದ? ಏನೂ ಅನ್ನಲಿಲ್ಲ. ಏನೂ ಅನ್ನದೇ ಇರೋದರಿಂದ ಎಷ್ಟು ಕೆಲಸ ಆಗುತ್ತೆ ನೋಡಿ. ಸಾಹೇಬರು ಕಂಡದ್ದನ್ನ ಬರೆದುಕೊಂಡರು. ಇವನಿಗೆ ಅನುದಾನ ಬಂತು. ಮಕ್ಕಳಿಲ್ಲದ ಶಾಲೆ ಅಂತ ಬೇವಿನ ಮರದ ಶಾಲೆಯನ್ನ ಹೊಳೆಯಾಚೆ ಊರಿನ ಶಾಲೆಗೆ ವಿಲೀನ ಮಾಡಿದರು. ಟೀಚರಮ್ಮನಿಗೂ ಅಲ್ಲಿಗೇ ವರ್ಗ.

ಎರವಲು ಬಂದ ಮಕ್ಕಳ ಕಥೆ ಏನಾಯಿತು? ಯೂನಿಫಾರಂ ಬಿಚ್ಚಿಸಿಕೊಂಡು ಜರಡಿ ಹಿಡಿದರು. ನಿಂತವರು ನಿಂತರು. ಉಳಿದವರು ಚೀಲ ತಗಲಿಸಿಕೊಂಡು ಹೊಳೆ ಕಡೆ ನಡೆದರು. ಕೆಲವರು ನಡೆಯೋದು ಬಿಟ್ಟು ಭಟ್ಟಿಗೆ ಕೆಲಸಕ್ಕೆ ಬಂದರು.

ಖಾಲಿ ಬಿದ್ದ ಕಟ್ಟಡವನ್ನ ಪಂಚಾಯ್ತಿಯಿಂದ ಬಾಡಿಗೆಗೆ ಹಿಡಿದದ್ದು ಯಾರು? ಸಾಹುಕಾರನೇ. ಮಂಡಕ್ಕಿಗೆ ತೂಕ ಇಲ್ಲ, ಜಾಗ ಬೇಕು. ಮೂರೂ ಕೋಣೆಯಲ್ಲಿ ಸೂರಿನ ತನಕ ಚೀಲ. ಹೆಂಚು ಮಾತ್ರ ಒಂದೇ ವಾರದಲ್ಲಿ ಹೊಸದಾಯಿತು, ಮಂಡಕ್ಕಿ ನೆನೆದರೆ ಮೆತ್ತಗಾಗುತ್ತಲ್ಲ.

ಸಾಹುಕಾರನಿಗೆ ಒಬ್ಬಳೇ ಮೊಮ್ಮಗಳು. ಹೆಸರು ಚೆನ್ನಾಂಬಿಕೆ, ಮನೆಯಲ್ಲಿ ಚೆನ್ನಿ. ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. ಒಮ್ಮೆ ಕೇಳಿದ ಹಾಡನ್ನ ಮರೆಯೋಳಲ್ಲ. ತಾತನ ತೊಡೆ ಮೇಲೆ ಕೂತು ಊರಿನ ಎಲ್ಲರ ಹಾಗೆ ಮಾತಾಡಿ ತೋರಿಸೋಳು, ತಾತ ನಕ್ಕು ನಕ್ಕು ಕಣ್ಣೊರೆಸಿಕೊಳ್ಳೋನು. ಪ್ರವೇಶ ಪರೀಕ್ಷೆಯಲ್ಲಿ ಕೊಟ್ಟ ಪಾಠವನ್ನೂ ಗಡಗಡ ಒಪ್ಪಿಸಿದಳು. ಅವಳು ಓದಲಿಲ್ಲ, ತನಗಿಂತ ಮೊದಲು ನಿಂತ ಮಗು ಓದಿದ್ದನ್ನ ಕೇಳಿ ಹೇಳಿದಳು ಅಂತ ಆಗ ಯಾರಿಗೂ ತಿಳೀಲಿಲ್ಲ. ಅಕ್ಷರ ಮಾತ್ರ ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಮೂರನೇ ತರಗತಿಗೆ ಬಂದರೂ ಸಾಲು ಓದು ಅಂದರೆ ಸುಮ್ಮನೆ ಬೆರಳು ಓಡಿಸೋಳು.

ಒಂದು ದಿನ ಶಾಲೆಯ ಹೆಡ್ಮೇಷ್ಟ್ರು ಮನೆಗೇ ಬಂದರು. ಚಹಾ ಮುಟ್ಟಲಿಲ್ಲ.

"ತಾವು ಬೇಜಾರು ಮಾಡ್ಕೋಬಾರದು. ಮಗು ಹಿಂದೆ ಬಿದ್ದಿದೆ. ನಿಯಮದ ಪ್ರಕಾರ..."

"ನಿಯಮ ಮಾಡಿದ್ದು ನಾನೇ ಕಣ್ರೀ. ಒಂದು ಮಗುಗೋಸ್ಕರ ಸ್ವಲ್ಪ ನೋಡಿಕೊಳ್ಳಕ್ಕೆ ಆಗಲ್ವಾ?"

"ನೋಡಿಕೊಳ್ಳಬಹುದು. ಹೋದ ವಾರ ಗಾರೆ ಕೆಲಸದವನ ಮಗನಿಗೆ ಟೀಸಿ ಕೊಟ್ಟೆ. ಅವರಪ್ಪ ದಿನಾ ಗೇಟಿನ ಹತ್ರ ಬಂದು ನಿಲ್ತಾನೆ. ಅವನ ಮಗ ಹೊರಗೆ, ನಿಮ್ಮ ಮೊಮ್ಮಗಳು ಒಳಗೆ ಯಾಕೆ ಅಂತ ಅವನಿಗೆ ನೀವೇ ಒಂದು ಮಾತು ಹೇಳಿಬಿಡಿ, ನಾನು ಚೆನ್ನಿಯನ್ನ ಇಟ್ಕೊಳ್ತೀನಿ."

ಸಾಹುಕಾರ ಆರಿದ ಚಹಾ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ, "ಹಾಗಾದರೆ ಇವಳನ್ನ ಎಲ್ಲಿಗೆ ಕಳಿಸಲಿ?"

"ಸರ್ಕಾರಿ ಶಾಲೆಗೆ ಸಾರ್" ಅಂದರು ಹೆಡ್ಮೇಷ್ಟ್ರು, ಅಭ್ಯಾಸಬಲದಿಂದ. ಬಂದ ತಂದೆತಾಯಿಗಳಿಗೆಲ್ಲ ಅದನ್ನೇ ಹೇಳಿ ಬಾಯಿಗೆ ರೂಢಿಯಾಗಿತ್ತು. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪೇಟೆಯ ದೊಡ್ಡ ಶಾಲೆಗಳಿಗೆ ಕರೆದುಕೊಂಡು ಹೋದ. ಎಲ್ಲ ಕಡೆಯೂ ಒಂದೊಂದು ಜರಡಿ. ಒಂದು ಕಡೆಯಂತೂ ಚೆನ್ನಿಯ ಮುಂದೆಯೇ "ಇಂಥ ಮಕ್ಕಳನ್ನ ನಾವು ತಗೊಳಲ್ಲ" ಅಂದುಬಿಟ್ಟರು. ಅವತ್ತಿನಿಂದ ಹುಡುಗಿ ಮಾತು ನಿಲ್ಲಿಸಿದಳು. ಊರವರ ಹಾಗೆ ಮಾತಾಡೋದಿರಲಿ, ತನ್ನ ಹಾಗೆ ಮಾತಾಡೋದನ್ನೂ ಬಿಟ್ಟಳು. ತಟ್ಟೆ ಮುಂದೆ ಸುಮ್ಮನೆ ಕೂತ ಆ ಮಗುವನ್ನ ನೋಡಿ ಸಾಹುಕಾರ ಅರ್ಧ ಊಟಕ್ಕೇ ಎದ್ದುಬಿಟ್ಟ. ಸಂಕಟ ಅಂದರೆ ಏನು ಅಂತ ಅವನಿಗೆ ಅಲ್ಲಿಯವರೆಗೆ ನಿಜವಾಗಿ ಗೊತ್ತೇ ಇರಲಿಲ್ಲ.

ಕೊನೆಗೆ ಮೊಮ್ಮಗಳನ್ನ ಕರೆದುಕೊಂಡು ಹೊಳೆಯಾಚೆ ಶಾಲೆಗೆ ಹೋದ. ಬಾಗಿಲಲ್ಲಿ ಅದೇ ಟೀಚರಮ್ಮ. ಸಾಹುಕಾರ ಹಿಂಜರಿದು ನಿಂತ, ದಾಸೋಹದ ಬಾಗಿಲಲ್ಲಿ ಕೆಲವರು ನಿಲ್ತಿದ್ದರಲ್ಲ, ಹಾಗೆ. ಆಕೆ ಹಳೇದೇನೂ ಎತ್ತಲಿಲ್ಲ. ಚೆನ್ನಿಯ ಕೈ ಹಿಡಿದು, "ಊಟ ಆಯ್ತೇನಮ್ಮಾ? ಬಾ, ಮುಂದೆ ಕೂತ್ಕೋ" ಅಂದರು.

"ಟೀಚರಮ್ಮ, ಇವಳಿಗೆ ಓದೋಕೆ ಬರಲ್ಲ. ಪರೀಕ್ಷೆ ಮಾಡಿ ನೋಡಲ್ವಾ?"

"ಬೇಡ ಅನ್ನೋ ಅಧಿಕಾರ ನಮಗಿಲ್ಲ ಸಾಹುಕಾರ್ರೇ. ಬಂದವರನ್ನ ಕೂರಿಸ್ಕೋಬೇಕು, ಅಷ್ಟೇ."

ಒಳಗೆ ಮಕ್ಕಳು ಪ್ರಾರ್ಥನೆಗೆ ನಿಂತರು. ಅವನ ಊರಿನಿಂದ ನಡೆದು ಬರೋ ಮಕ್ಕಳು ಹೇಳಿಕೊಡ್ತಿದ್ದರು, ಉಳಿದವರು ಹೇಳ್ತಿದ್ದರು. ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳೋ ತಾಯಿ, ನಿನ್ನ ಮನೆಗೆ ಬಾಗಿಲಿಲ್ಲ. ಒಂದು ಬೆಳಗಿಗೆ ಅಂತ ಕಲಿಸಿದ್ದು, ಮಕ್ಕಳು ಮರೆತಿರಲಿಲ್ಲ. ಚೆನ್ನಿಗೆ ಗೊತ್ತಿದ್ದ ಹಾಡು. ಮೆಲ್ಲಗೆ ಅವಳ ತುಟಿ ಅಲುಗಿತು, ಆಮೇಲೆ ದನಿಯೂ ಬಂತು. ಸಾಹುಕಾರ ಅಂಗಳದಲ್ಲಿ ನಿಂತು ಅತ್ತ.

ಊರಿಗೆ ಬಂದವನೇ ಬೇವಿನ ಮರದ ಶಾಲೆಯಿಂದ ಚೀಲ ಹೊರಗೆ ಹಾಕಿಸಿದ. ಮಳಿಗೆಗಳಿಗೆ ಕಂದಾಯ ಕಟ್ಟಿದ. ತನ್ನ ಶಾಲೆಯ ಜರಡಿ ತೆಗೆಸಿದ, ಗಾರೆ ಕೆಲಸದವನ ಮಗ ವಾಪಸ್ ಬಂದ. ಚೆನ್ನಿಯನ್ನೂ ಕರೆದ. "ನಾನು ಟೀಚರಮ್ಮನ ಹತ್ರವೇ ಇರ್ತೀನಿ ತಾತ" ಅಂದಳು. ಸರ್ಕಾರಿ ಶಾಲೆ ತೆರೀರಿ ಅಂತ ಇಲಾಖೆಗೆ ಹೋದರೆ, "ಮಕ್ಕಳಿರಲಿಲ್ಲ ಅಂತಲೇ ಮುಚ್ಚಿದ್ದು. ನೀವೇ ಪಕ್ಕದಲ್ಲಿ ನಿಂತಿದ್ರಲ್ಲ?" ಅಂದರು. ಆ ಕಚೇರಿ, ಈ ಕಚೇರಿ ಅಂತ ತಿರುಗಿದ, ಈಗಲೂ ತಿರುಗ್ತಿದ್ದಾನೆ. ಮುಚ್ಚೋಕೆ ಒಂದು ಬೆಳಿಗ್ಗೆ ಸಾಕಾಗಿತ್ತು. ತೆರೆಸೋಕೆ ಹೊರಟರೆ ಮೊಮ್ಮಗಳ ಬಾಲ್ಯವೇ ಮುಗಿದುಹೋಯಿತು, ಮಳೆಯಲ್ಲಿ ಬಿಸಿಲಲ್ಲಿ ಹೊಳೆ ದಾಟಿ ದಾಟಿ.

ಕಥೆ ಇಷ್ಟೇ. ಮುಂದಿನ ಸಾಲಿನವರು ಯಾಕೆ ತಲೆ ತಗ್ಗಿಸಿದಿರಿ? ಇಷ್ಟು ಹೊತ್ತು ಚೆನ್ನಾಗಿ ಆಡ್ತಿತ್ತಲ್ಲ.

ಇವತ್ತು ನಮ್ಮ ಮಠದ ಶಾಲೆಯ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕೋಕೆ ಸೇರಿದ್ದೀವಿ. ಸಂತೋಷ. ಇದಕ್ಕೂ ಅನುದಾನ ಕೇಳೋಣ ಅಂತ ಸಮಿತಿಯವರು ಹೇಳಿದ್ದಾರೆ. ಕೇಳಿ. ಆದರೆ ಅದು ಯಾರ ದುಡ್ಡು? ಈ ಬೀದಿಯಲ್ಲಿ ಬೆಂಕಿಪೊಟ್ಟಣ ಕೊಂಡ ಮುದುಕಿಯೂ ಅದಕ್ಕೆ ತೆರಿಗೆ ಕೊಟ್ಟಿದ್ದಾಳೆ. ನಮ್ಮ ದೇವರನ್ನ ಒಪ್ಪದವಳೂ ಕೊಟ್ಟಿದ್ದಾಳೆ. ಅವಳ ದುಡ್ಡು ಒಳಗೆ ಬರಬಹುದು, ಅವಳ ಮೊಮ್ಮಗ ಬರಬಾರದು ಅಂದರೆ ಅದನ್ನ ಏನಂತ ಕರೀಬೇಕು, ನೀವೇ ಹೇಳಿ. ಎಲ್ಲರ ದುಡ್ಡು ತಗೊಂಡರೆ ಜರಡಿ ಇಡಬೇಡಿ. ಜರಡಿ ಬೇಕೇ ಬೇಕು ಅಂದರೆ ನಮ್ಮ ಹುಂಡಿಯ ದುಡ್ಡಿನಲ್ಲಿ ನಡೆಸೋಣ, ಎಲ್ಲರ ಹತ್ತಿರ ಕೈ ಚಾಚೋದು ಬೇಡ.

ನಾಳೆಯಿಂದ ಏನು ಮಾಡಬೇಕು? ಮನೆಗಂದಾಯ ಬಾಕಿ ಇಟ್ಟುಕೊಂಡು ಬಂದು ಹುಂಡಿಗೆ ನೋಟು ಹಾಕಬೇಡಿ. ಮೊದಲು ಕಂದಾಯ ಕಟ್ಟಿ, ಆಮೇಲೆ ಇಲ್ಲಿಗೆ ಬನ್ನಿ. ಮಠದ ಹೆಸರಿನ ಮಳಿಗೆಗಳ ಬಾಕಿ ಎಷ್ಟಿದೆ ಅಂತ ನಾನೂ ವಿಚಾರಿಸಿದ್ದೀನಿ, ಅದನ್ನ ಈ ತಿಂಗಳೇ ಕಟ್ಟಬೇಕು. ನಿಮ್ಮ ಮಗು ಎಲ್ಲಾದರೂ ಓದಲಿ, ಬೀದಿ ಕೊನೆಯ ಸರ್ಕಾರಿ ಶಾಲೆಯ ಸಭೆಗೆ ಹೋಗಿ. ಬಾಳೆಹಣ್ಣು ಕೊಟ್ಟು ಫೋಟೋ ತೆಗೆಸಿಕೊಳ್ಳೋಕೆ ಅಲ್ಲ. ಹೆಂಚು ಸೋರುತ್ತಾ, ಟೀಚರು ಸಾಕಾಗ್ತಾರಾ ಅಂತ ಕೇಳೋಕೆ. ಬೇಡ ಅನ್ನೋಕೆ ಬಾರದ ಬಾಗಿಲು ಊರಿಗೆ ಅದೊಂದೇ ಇರೋದು. ಯಾವತ್ತು ಯಾರ ಮನೆಯ ಮಗು ಅಲ್ಲಿ ಹೋಗಿ ನಿಲ್ಲಬೇಕಾಗುತ್ತೋ ಯಾರಿಗೂ ಗೊತ್ತಿಲ್ಲ.

ಏಳಿ, ಪ್ರಸಾದದ ಹೊತ್ತಾಯಿತು. ಬಡಿಸೋವಾಗ ಎದುರು ಕೂತವನ ಹೆಸರು ಕೇಳಬೇಡಿ. ನಾಳೆ ನಮ್ಮ ಶಾಲೆಯ ಬಾಗಿಲಲ್ಲಿ ಯಾರದೋ ಮಗು ಬಂದು ನಿಂತಾಗಲೂ, ಮೊದಲು ಕೂರಿಸಿ.